ಕೆಳದಿ ಚೆನ್ನಮ್ಮಾಜಿ: ಪ್ರಭಾರ ಹೊತ್ತ ತಾಯಿ

(ಊರಿಗಾಂನಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ನಾನು ಇತಿಹಾಸದ ಪ್ರಾಧ್ಯಾಪಕನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ನೌಕರಿಯಲ್ಲಿ ರಸ್ತೆ, ಸೇತುವೆ, ಕಟ್ಟಡ ಎಂದು ತಿರುಗಿದವನು. ಅದರಲ್ಲಿ ಕೆಲವು ವರ್ಷ ಸಾಗರ, ಹೊಸನಗರದ ಕಡೆ ಇದ್ದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯ, ಬಿದನೂರು ನಗರದ ಕೋಟೆ, ತೀರ್ಥಹಳ್ಳಿ ಸೀಮೆಯ ಕವಲೇದುರ್ಗ ಇವುಗಳನ್ನು ಭಾನುವಾರ ಭಾನುವಾರ ನೋಡಿಕೊಂಡು ಬಂದೆ. ಕಲ್ಲು ಕಟ್ಟಡ ನೋಡಲು ಹೋದವನಿಗೆ ಅಲ್ಲಿ ಸಿಕ್ಕವರು ಚೆನ್ನಮ್ಮಾಜಿ. ಇಂದು ಅವರ ಬಗ್ಗೆ ನಾಲ್ಕು ಮಾತು.

ಈ ಸಭಾಂಗಣದ ಗೋಡೆಯ ಮೇಲೆ ಕುದುರೆ ಏರಿ ಕತ್ತಿ ಹಿಡಿದ ತಾಯಿಯ ಪಟ ಇದೆ. ಒಳಗೆ ಬರುವಾಗ ಒಬ್ಬ ಹುಡುಗಿಯನ್ನು ಕೇಳಿದೆ, ‘ಇವರು ಯಾರಮ್ಮ?’ ‘ಕಿತ್ತೂರು ಚೆನ್ನಮ್ಮ’ ಎಂದಳು. ಪಕ್ಕದಲ್ಲಿದ್ದ ಹಿರಿಯರು, ‘ಅಲ್ಲ ಕಣಮ್ಮ, ಕೆಳದಿ ಚೆನ್ನಮ್ಮ’ ಎಂದರು. ಪಟದ ಕೆಳಗೆ ಹೆಸರಿಲ್ಲ, ಇಬ್ಬರನ್ನೂ ತಪ್ಪೆನ್ನುವಂತಿಲ್ಲ. ಆದರೆ ಇಬ್ಬರು ಚೆನ್ನಮ್ಮಂದಿರ ನಡುವೆ ಸುಮಾರು 150 ವರ್ಷಗಳ ಅಂತರವಿದೆ. ಕಿತ್ತೂರಿನವರು 1824ರಲ್ಲಿ ಇಂಗ್ಲಿಷರ ಥ್ಯಾಕರೆಯನ್ನು ಎದುರಿಸಿದವರು. ಕೆಳದಿಯವರು 1672ರಲ್ಲಿ ಆಡಳಿತ ಕೈಗೆತ್ತಿಕೊಂಡು 1697ರವರೆಗೆ, ಸುಮಾರು 25 ವರ್ಷ ರಾಜ್ಯ ನಡೆಸಿದವರು. ಇಬ್ಬರಿಗೂ ಸಮಾನವಾದ ಸಂಗತಿ ಒಂದಿದೆ. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರೂ ದತ್ತು ಮಗನ ಪರವಾಗಿ ರಾಜ್ಯಕ್ಕೆ ಹೆಗಲು ಕೊಟ್ಟವರು. ನಾವು ಪಟದಲ್ಲಿ ಕತ್ತಿಯನ್ನು ನೋಡುತ್ತೇವೆ. ಈ ಸಂಗತಿಯನ್ನು ನೋಡುವುದಿಲ್ಲ.

ಸರ್ಕಾರಿ ಕೆಲಸದಲ್ಲಿದ್ದವರಿಗೆ ‘ಪ್ರಭಾರ’ ಎಂಬ ಮಾತು ಗೊತ್ತು. ಸಾಮಾನ್ಯ ಮಾತಿನಲ್ಲಿ ಇನ್‌ಚಾರ್ಜ್ ಎನ್ನುತ್ತೇವೆ. ಒಬ್ಬ ಅಧಿಕಾರಿ ವರ್ಗವಾದರೆ, ನಿವೃತ್ತನಾದರೆ, ಆ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ಪಕ್ಕದವನಿಗೆ ಪ್ರಭಾರ ವಹಿಸುತ್ತಾರೆ. ಅದಕ್ಕೆಂದೇ ಸೇವಾ ನಿಯಮಗಳಿವೆ. ಪ್ರಭಾರದಲ್ಲಿರುವವನು ಸಾಮಾನ್ಯವಾಗಿ ಏನು ಮಾಡುತ್ತಾನೆ? ಸಂಬಳದ ಬಿಲ್ಲಿಗೆ ಸಹಿ ಹಾಕುತ್ತಾನೆ. ಕಷ್ಟದ ಕಡತ ಬಂದರೆ ‘ಖಾಯಂ ಸಾಹೇಬರು ಬರಲಿ’ ಎಂದು ಬದಿಗಿಡುತ್ತಾನೆ. ಬೇರೆಯವರ ಮೇಲೆ ಯಾಕೆ ಹೇಳಲಿ, ನಾನೂ ಹಾಗೆ ಮಾಡಿದ್ದೇನೆ. ಒಂದು ಉಪವಿಭಾಗ ಎಂಟು ತಿಂಗಳು ನನ್ನ ಪ್ರಭಾರದಲ್ಲಿತ್ತು. ಆ ಎಂಟು ತಿಂಗಳಲ್ಲಿ ನಾನು ಒಂದು ಗಟ್ಟಿ ನಿರ್ಧಾರ ತೆಗೆದುಕೊಂಡ ನೆನಪಿಲ್ಲ.

ರಾಜರ ಕಾಲದಲ್ಲಿ ಇದೇ ಕೆಲಸ ರಾಣಿಯರ ಪಾಲಿಗೆ ಬರುತ್ತಿತ್ತು. ದೊರೆ ಸತ್ತ, ಮಗ ಚಿಕ್ಕವನು, ಅಥವಾ ಮಗನೇ ಇಲ್ಲ. ಆಗ ರಾಣಿ ರಾಜಪ್ರತಿನಿಧಿ. ಇದು ಬಹಳ ಹಳೆಯ ಪದ್ಧತಿ. ವಾಕಾಟಕರ ಪ್ರಭಾವತಿಗುಪ್ತೆ ಎಳೆಯ ಮಕ್ಕಳ ಹೆಸರಿನಲ್ಲಿ ರಾಜ್ಯವಾಳಿದಳು. ನಮ್ಮ ಬಾದಾಮಿಯನ್ನು ಪಲ್ಲವರು 642ರಲ್ಲಿ ಹಿಡಿದು ಚಾಲುಕ್ಯ ರಾಜ್ಯ ಚದುರಿಹೋಗಿದ್ದ ಕಾಲದ ಆಸುಪಾಸಿನಲ್ಲಿ ಇಮ್ಮಡಿ ಪುಲಕೇಶಿಯ ಸೊಸೆ ವಿಜಯಭಟ್ಟಾರಿಕೆ ತನ್ನ ಹೆಸರಿನಲ್ಲೇ ದಾನಶಾಸನ ಕೊಟ್ಟಳು. ಇತಿಹಾಸದ ಪುಸ್ತಕದಲ್ಲಿ ಇವರಿಗೆಲ್ಲ ಸಿಗುವುದು ಒಂದೆರಡು ಸಾಲು. ಹಿಂದೊಬ್ಬ ದೊರೆ, ಮುಂದೊಬ್ಬ ದೊರೆ, ನಡುವೆ ಒಬ್ಬ ತಾಯಿ. ಸೇತುವೆ ಕಟ್ಟಿದವನಿಗೆ ಈ ನಡುವಿನ ಕಂಬದ ಬೆಲೆ ಗೊತ್ತು.

ಈಗ ಕೆಳದಿಗೆ ಬರೋಣ. 1500ರ ಆಸುಪಾಸಿನಲ್ಲಿ ಚೌಡಪ್ಪ ನಾಯಕನಿಂದ ಆರಂಭವಾದ ಮನೆತನ ಅದು. ಕೆಳದಿ, ಇಕ್ಕೇರಿ, ಆಮೇಲೆ ಬಿದನೂರು ರಾಜಧಾನಿ. ಶಿವಪ್ಪ ನಾಯಕ ಹೆಸರಾಂತ ದೊರೆ. ಭೂಮಿಯ ಗುಣ ನೋಡಿ, ಅದಕ್ಕೆ ತಕ್ಕಂತೆ ಕಂದಾಯ ಗೊತ್ತುಮಾಡಿದ ಅವನ ‘ಶಿಸ್ತು’ ಇಂದಿಗೂ ಮಲೆನಾಡಿನ ಬಾಯಲ್ಲಿದೆ. ಅವನ ಮಗ ಸೋಮಶೇಖರ ನಾಯಕ. ಕೋಟಿಪುರದ ಸಿದ್ದಪ್ಪ ಶೆಟ್ಟರ ಮಗಳು ಚೆನ್ನಮ್ಮ. ಜಾತ್ರೆಯಲ್ಲಿ ದೊರೆ ಈಕೆಯನ್ನು ಕಂಡು ಮೆಚ್ಚಿದ ಎನ್ನುತ್ತಾರೆ. 1667ರಲ್ಲಿ ಮದುವೆಯಾಯಿತು. ಅರಮನೆಯಲ್ಲಿ ಹುಟ್ಟಿದವರಲ್ಲ, ವ್ಯಾಪಾರಿಯ ಮಗಳು, ಇಷ್ಟಲಿಂಗ ಕಟ್ಟಿಕೊಂಡ ಸಾಮಾನ್ಯ ಶರಣ ಮನೆತನದ ಹೆಣ್ಣು. ಲೆಕ್ಕ, ಕೊಡುಕೊಳೆ, ಮಾತು ಉಳಿಸಿಕೊಳ್ಳುವುದು ಇದನ್ನೆಲ್ಲ ತವರಿನಲ್ಲೇ ಕಂಡಿದ್ದರು ಎಂದು ನಾನು ಭಾವಿಸುತ್ತೇನೆ.

ಮುಂದಿನ ಕಥೆ ನಿಮಗೆ ಗೊತ್ತು. ಸೋಮಶೇಖರ ನಾಯಕ ಕಲಾವತಿ ಎಂಬ ನರ್ತಕಿಯ ಮನೆ ಸೇರಿದ. ಆಡಳಿತ ಮರೆತ. ದೇಹವೂ ಬುದ್ಧಿಯೂ ಕೆಟ್ಟವು. ಕೊನೆಗೆ ಕೊಲೆಯಾದ. ನಮ್ಮ ಹರಿಕಥೆಗಳಲ್ಲಿ, ನಾಟಕಗಳಲ್ಲಿ ಇದರ ತಪ್ಪನ್ನೆಲ್ಲ ಆ ನರ್ತಕಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಅರಮನೆ ಬಿಟ್ಟು ಅಲ್ಲಿಗೆ ನಡೆದುಹೋದದ್ದು ದೊರೆಯ ಕಾಲು ತಾನೆ? ಶರಣರ ಮಕ್ಕಳಾದ ನಾವು ಕಥೆ ಹೇಳುವಾಗಲೂ ನ್ಯಾಯ ತಪ್ಪಬಾರದು. ಹಾದರದ ಕಾಯಕ ಬಿಟ್ಟು ಬಂದವರನ್ನೂ ಅಕ್ಕ ಎಂದು ಕರೆದ ಪರಂಪರೆ ನಮ್ಮದು.

ದೊರೆ ಸತ್ತಾಗ ಚೆನ್ನಮ್ಮಾಜಿಗೆ ಮಕ್ಕಳಿರಲಿಲ್ಲ. ಅವರಿಗೆ ಎದುರಾದ ಪರಿಸ್ಥಿತಿಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಒಳಗೆ, ಆಸ್ಥಾನದ ದೊಡ್ಡವರು ತಮತಮಗೆ ಬೇಕಾದ ಹುಡುಗನನ್ನು ಪಟ್ಟಕ್ಕೆ ತರಲು ಒತ್ತಾಯ ಹೇರುತ್ತಿದ್ದರು. ಹೊರಗೆ, ಬಿಜಾಪುರದ ಸುಲ್ತಾನ ದೊರೆಯಿಲ್ಲದ ರಾಜ್ಯ ಎಂದು ಕಣ್ಣು ಹಾಕಿದ್ದ. ಸೋದೆ, ಮೈಸೂರು ಸುತ್ತ ಕಾಯುತ್ತಿದ್ದವು. ಬಿಜಾಪುರದ ಕಡೆಯವರಿಗೆ ಆಕೆ ಹಣ ಕೊಟ್ಟು ಸಮಯ ಪಡೆಯಲು ನೋಡಿದರು. ಆದರೂ ಸೈನ್ಯ ಬಂತು. ಬಿದನೂರು ಕೈಬಿಟ್ಟಿತು. ಆಕೆ ಸಿಂಹಾಸನವನ್ನೂ ಬೊಕ್ಕಸವನ್ನೂ ಹೊತ್ತು ಭುವನಗಿರಿ ದುರ್ಗಕ್ಕೆ, ಎಂದರೆ ಈಗಿನ ಕವಲೇದುರ್ಗಕ್ಕೆ ಹೋದರು.

ನಾನು ಆ ಬೆಟ್ಟ ಹತ್ತಿದ್ದೇನೆ. ಒಂದರ ಹಿಂದೊಂದು ಕೋಟೆಗೋಡೆ, ಮೇಲೆ ಹೋದಷ್ಟೂ ಕಾಡು ದಟ್ಟ, ಹೆಜ್ಜೆ ಹೆಜ್ಜೆಗೂ ನೀರು ನಿಲ್ಲಿಸಿದ ಕೊಳ. ನೀರಿನ ವ್ಯವಸ್ಥೆ ನೋಡಿದರೆ ಅದು ಓಡಿಹೋಗಿ ಬಚ್ಚಿಟ್ಟುಕೊಳ್ಳುವ ಜಾಗವಲ್ಲ, ತಿಂಗಳುಗಟ್ಟಲೆ ಕೂತು ಆಡಳಿತ ನಡೆಸುವ ಜಾಗ ಎಂದು ಯಾವ ಇಂಜಿನಿಯರಿಗೂ ತಿಳಿಯುತ್ತದೆ. ಅಲ್ಲಿ ಕೂತು ನಿಷ್ಠ ದಳವಾಯಿಗಳನ್ನು ಒಗ್ಗೂಡಿಸಿದರು, ಮಲೆನಾಡಿನ ಕಾಡನ್ನೂ ಮಳೆಯನ್ನೂ ತಮ್ಮ ಸೈನ್ಯ ಮಾಡಿಕೊಂಡರು, ಬಿದನೂರನ್ನು ಮರಳಿ ಪಡೆದರು. ರಾಜಧಾನಿ ಹೋದರೂ ರಾಜ್ಯ ಹೋಗಲಿಲ್ಲ. ಇದು ಅವರ ಮೊದಲ ಪಾಠ.

ಎರಡನೆಯದು ದತ್ತು. ದೊಡ್ಡವರು ಮುಂದೆ ತಂದ ಹುಡುಗರನ್ನು ಬಿಟ್ಟು ಬಿದನೂರಿನ ಮರ್ಕಪ್ಪ ಶೆಟ್ಟರ ಮಗ ಬಸವಪ್ಪನನ್ನು ಮಡಿಲಿಗೆ ತೆಗೆದುಕೊಂಡರು. ಯಾವ ಗುಂಪಿಗೂ ಸೇರದ ಮಗು. ಹಾಗಾಗಿ ಯಾವ ಗುಂಪಿನ ಕೈಗೂ ರಾಜ್ಯ ಸಿಗಲಿಲ್ಲ. ಆ ಮಗುವನ್ನು ಬೆಳೆಸಿದರು, ಓದಿಸಿದರು. ಹಿರಿಯ ಬಸವಪ್ಪ ನಾಯಕ ಎಂದು ಹೆಸರಾದ ಆತ 1697ರಿಂದ 1714ರವರೆಗೆ ಆಳಿದ. ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ಆತನದು. ವೈದ್ಯ, ಅಡುಗೆ, ಸಂಗೀತ, ವಾಸ್ತು, ಕುದುರೆ ಆನೆಗಳ ಲಕ್ಷಣ, ರಾಜನೀತಿ, ಎಲ್ಲವೂ ಅದರಲ್ಲಿವೆ. ಕೆಳದಿಯ ಇತಿಹಾಸವೂ ಇದೆ. ಒಬ್ಬ ತಾಯಿ ಹೇಗೆ ಬೆಳೆಸಿದಳು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸುತ್ತ ಯುದ್ಧ ನಡೆಯುತ್ತಿದ್ದ ಮನೆಯಲ್ಲಿ ಬೆಳೆದ ಹುಡುಗ ಗ್ರಂಥ ಬರೆಯುವ ದೊರೆಯಾದ.

ಮೂರನೆಯದು ಎಲ್ಲರಿಗೂ ಗೊತ್ತಿರುವ ಪ್ರಸಂಗ. 1689ರಲ್ಲಿ ಔರಂಗಜೇಬ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಕೊಲ್ಲಿಸಿದ. ಕಿರಿಯ ಮಗ ರಾಜಾರಾಮ ತಪ್ಪಿಸಿಕೊಂಡು ದಕ್ಷಿಣದ ಜಿಂಜಿ ಕೋಟೆಯತ್ತ ಹೊರಟ. ವೇಷ ಮರೆಸಿಕೊಂಡು ಬಂದ ಅವನಿಗೆ ದಾರಿ ಕೊಡಲು ಎಲ್ಲರೂ ಹೆದರಿದ ಕಾಲ ಅದು. ಚೆನ್ನಮ್ಮಾಜಿ ತಮ್ಮ ರಾಜ್ಯದ ಮೂಲಕ ದಾರಿ ಕೊಟ್ಟರು, ಕಾವಲು ಕೊಟ್ಟರು. ಮುಂದೆ ಅವನ ಪ್ರಯಾಣ ಬೆಂಗಳೂರು ದಾಟಿ ಅಂಬೂರಿನ ಕಡೆಗೆ. ಅಂದರೆ ನಮ್ಮ ಈ ಸೀಮೆಯ ಮಗ್ಗುಲಲ್ಲೇ ಅವನು ಹಾದುಹೋದ. ಈಗ ನಾವು ಬಂಗಾರಪೇಟೆಯಲ್ಲಿ ನಿಂತು ಜೋಲಾರಪೇಟೆ ಕಡೆಗೆ ಹೋಗುವ ರೈಲು ನೋಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ದಿಕ್ಕು.

ಸುದ್ದಿ ತಿಳಿದ ಔರಂಗಜೇಬ ಸೈನ್ಯ ಕಳಿಸಿದ. ಕೆಳದಿಯವರು ಮಲೆನಾಡಿನ ದಾರಿಗಳಲ್ಲಿ ಎದುರಿಸಿದರು. ಕೊನೆಗೆ ಸಂಧಿಯಾಯಿತು. ರಾಣಿ ಸ್ವಲ್ಪ ದಂಡ ತೆತ್ತರು ಎಂದು ಮೊಘಲರ ಕಡೆಯವರು ಬರೆದಿದ್ದಾರೆ. ನಮ್ಮ ಭಾಷಣಕಾರರು ಈ ದಂಡದ ಮಾತು ಎತ್ತುವುದಿಲ್ಲ, ತಾಯಿಯ ಕೀರ್ತಿಗೆ ಕಡಿಮೆ ಎಂದು ಅವರ ಅಂಜಿಕೆ. ನನಗೆ ಹಾಗನ್ನಿಸುವುದಿಲ್ಲ. ಬಂದವನನ್ನು ಒಪ್ಪಿಸಲಿಲ್ಲ, ರಾಜ್ಯವನ್ನೂ ಕಳೆದುಕೊಳ್ಳಲಿಲ್ಲ, ಹಣ ಕೊಟ್ಟರು. ಕೊಡಬಾರದ್ದನ್ನು ಕೊಡಲಿಲ್ಲ, ಕೊಡಬಹುದಾದ್ದನ್ನು ಕೊಟ್ಟು ಜನರನ್ನು ಉಳಿಸಿದರು. ಕತ್ತಿ ಹಿಡಿಯುವ ಧೈರ್ಯದಷ್ಟೇ ಇದಕ್ಕೂ ಧೈರ್ಯ ಬೇಕು. ಮನೆಗೆ ಬಂದವರಿಗೆ ಅನ್ನ ಹಾಕುವುದು ದಾಸೋಹದ ಒಂದು ಭಾಗ. ಅದಕ್ಕೆ ಬೆಲೆ ತೆರಬೇಕಾಗಿ ಬಂದಾಗಲೂ ಹಿಂದೆ ಸರಿಯದಿರುವುದು ದಾಸೋಹದ ಕಷ್ಟದ ಭಾಗ.

ಉಳಿದಂತೆ ಕರಾವಳಿಯ ಮೆಣಸು, ಅಕ್ಕಿಯ ವ್ಯಾಪಾರಕ್ಕೆ ಪೋರ್ಚುಗೀಸರೊಡನೆ ಕರಾರು ಮಾಡಿಕೊಂಡರು. ತಮ್ಮ ಸೀಮೆಯಲ್ಲಿದ್ದ ಕ್ರೈಸ್ತರಿಗೆ ಚರ್ಚು ಕಟ್ಟಿಕೊಳ್ಳಲು ಅವಕಾಶ ಕೊಟ್ಟರು. ಮೈಸೂರಿನ ಚಿಕ್ಕದೇವರಾಜ ಒಡೆಯರೊಡನೆ ಯುದ್ಧ ಮಾಡಿದರು, ಆಮೇಲೆ ಒಪ್ಪಂದವನ್ನೂ ಮಾಡಿಕೊಂಡರು. ಮಠಗಳಿಗೆ ಜಂಗಮರಿಗೆ ದಾನದತ್ತಿ ಬಿಟ್ಟರು. ನನ್ನ ಹಾಗೆ ಸಂಬಳದ ಬಿಲ್ಲಿಗೆ ಸಹಿ ಹಾಕಿಕೊಂಡು ಕೂತ ಪ್ರಭಾರವಲ್ಲ ಅದು.

ಇಲ್ಲಿ ಒಬ್ಬ ತರುಣರು ಕೇಳಬಹುದು: ‘ಹುಡುಗ ದೊಡ್ಡವನಾದ ಮೇಲೂ ಆಡಳಿತ ತಾಯಿಯ ಕೈಯಲ್ಲೇ ಇತ್ತಲ್ಲ, ಅದು ಅಧಿಕಾರದ ಆಸೆಯಲ್ಲವೆ?’ ಒಳ್ಳೆಯ ಪ್ರಶ್ನೆ. ಇದಕ್ಕೆ ನನ್ನ ಕಸುಬಿನ ಉದಾಹರಣೆಯಲ್ಲೇ ಉತ್ತರ ಹೇಳುತ್ತೇನೆ. ಮನೆಗೆ ಮೋಲ್ಡ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ನಿಲ್ಲಿಸುತ್ತೇವೆ. ಹಸಿ ಕಾಂಕ್ರೀಟಿನ ಭಾರವನ್ನೆಲ್ಲ ಆ ಕಂಬಗಳು ಹೊರುತ್ತವೆ. ಅವಸರ ಮಾಡಿ ಬಿಚ್ಚಿದರೆ ಸೂರು ತಲೆಯ ಮೇಲೆ ಬೀಳುತ್ತದೆ. ಎಷ್ಟು ದಿನ ಬಿಡಬೇಕು ಎಂಬುದನ್ನು ಹವೆ, ಭಾರ, ಅಗಲ ನೋಡಿ ನಿರ್ಧರಿಸಬೇಕು, ಮನೆಯೊಡೆಯನ ಅವಸರ ನೋಡಿ ಅಲ್ಲ. ಬಾಗಿಲಲ್ಲಿ ಮೊದಲು ಬಿಜಾಪುರ, ಆಮೇಲೆ ಔರಂಗಜೇಬ ನಿಂತಿದ್ದ ಕಾಲದಲ್ಲಿ ಆ ತಾಯಿ 25 ವರ್ಷ ಭಾರ ಹೊತ್ತರು. ಸೆಂಟ್ರಿಂಗ್ ಸರಿಯಿತ್ತೇ ಎಂದು ತಿಳಿಯುವುದು ಅದನ್ನು ತೆಗೆದ ದಿನ. 1697ರಲ್ಲಿ ಬಸವಪ್ಪ ನಾಯಕ ಪಟ್ಟಕ್ಕೆ ಬಂದಾಗ ಸೂರು ಬಿರುಕು ಬಿಡಲಿಲ್ಲ. ಆಮೇಲೂ ಕೆಳದಿ 66 ವರ್ಷ ನಿಂತಿತು.

ಆ 66 ವರ್ಷದ ಕೊನೆಯಲ್ಲಿ ಇನ್ನೊಬ್ಬ ತಾಯಿ ಇದ್ದಾರೆ. ಅವರ ಮಾತನ್ನೂ ಆಡದೆ ಹೋದರೆ ತಪ್ಪಾಗುತ್ತದೆ, ಅದರಲ್ಲೂ ಈ ಊರಿನಲ್ಲಿ ನಿಂತು. ಅವರು ವೀರಮ್ಮಾಜಿ. ಅವರೂ ಗಂಡನನ್ನು ಕಳೆದುಕೊಂಡು ದತ್ತು ಮಗನ ಪರವಾಗಿ ಆಡಳಿತ ಹೊತ್ತವರು. 1763ರಲ್ಲಿ ಬಿದನೂರನ್ನು ಗೆದ್ದುಕೊಂಡವನು ಹೈದರಾಲಿ. ಅವನು ಹುಟ್ಟಿದ್ದು ಇಲ್ಲಿಂದ ಕೂಗಳತೆಯಲ್ಲಿ, ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ವೀರಮ್ಮಾಜಿಯನ್ನೂ ಮಗನನ್ನೂ ಸೆರೆಹಿಡಿದು ಮಧುಗಿರಿ ಬೆಟ್ಟದ ಕೋಟೆಯಲ್ಲಿಟ್ಟರು. ನಾಲ್ಕು ವರ್ಷದ ಮೇಲೆ ಮರಾಠರು ಬಿಡಿಸಿದರು. ಪುಣೆಗೆ ಹೋಗುವ ದಾರಿಯಲ್ಲಿ ತೀರಿಕೊಂಡರು.

ವೀರಮ್ಮಾಜಿ ಸೋತರು. ಸೋತದ್ದಕ್ಕೆ ಕಾರಣಗಳಿದ್ದವು. ಒಳಜಗಳವಿತ್ತು, ಎದುರಿಗೆ ಬಲವಾದ ಸೈನ್ಯವಿತ್ತು. ಆದರೆ ಹಳೆಯ ಬರಹಗಳಲ್ಲೂ ಜನರ ಬಾಯಲ್ಲೂ ಉಳಿದದ್ದು ಅವರ ನಡತೆಯ ಬಗೆಗಿನ ಮಾತು. ಯಾವ ಪುರುಷ ದೊರೆ ಸೋತಾಗ ಅವನ ಶೀಲದ ಮಾತೆತ್ತಿ ಸೋಲಿನ ಕಾರಣ ಹೇಳಿದ್ದೇವೆ? ಪ್ರಭಾರ ಹೊತ್ತ ಹೆಣ್ಣು ಗೆದ್ದರೆ ದೇವಿ, ಸೋತರೆ ಕುಲಟೆ. ನಡುವೆ ಮನುಷ್ಯಳಾಗಿ ಬಾಳುವ ಜಾಗವನ್ನು ನಾವು ಅವಳಿಗೆ ಬಿಟ್ಟಿಲ್ಲ. ಚೆನ್ನಮ್ಮಾಜಿಗೆ ಹಾರ ಹಾಕುವ ಕೈ ವೀರಮ್ಮಾಜಿಗೂ ಒಂದು ಹೂವು ಇಡಬೇಕು ಎಂಬುದು ನನ್ನ ಕೋರಿಕೆ.

ಈಗ ನಮ್ಮ ಊರಿನ ಮಾತು. ಕೋಲಾರ ಚಿನ್ನದ ಗಣಿ ಪ್ರದೇಶ ರಾಜಪ್ರತಿನಿಧಿಗಳ ಊರು ಎಂದು ನಾನು ಹೇಳಿದರೆ ನೀವು ನಗಬಹುದು. ಹಿಂದೆ ಇಲ್ಲಿನ ಒಂದೊಂದು ಲೈನ್ ಮನೆಯ ಸಾಲಿನಲ್ಲೂ ಗಣಿಯ ಒಳಗೆ ಕಲ್ಲು ಸಿಡಿದು ಸತ್ತವರ, ಎದೆಗೆ ದೂಳು ತುಂಬಿ ಸತ್ತವರ ಮನೆಗಳಿದ್ದವು. ಆ ಮನೆಗಳನ್ನು ನಡೆಸಿದವರು ಯಾರು? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಂಡಸರು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರತೊಡಗಿದರು. ಹಗಲು ಈ ಊರನ್ನು ಕಾಯ್ದವರು ಯಾರು? ಜಾತಿ, ಭಾಷೆ ಯಾವುದಾದರೂ ಇರಲಿ, ತಾಯಂದಿರೇ.

ನನ್ನ ಅಮ್ಮನ ಮಾತು ಹೇಳಿ ಮುಗಿಸುತ್ತೇನೆ. ಇದನ್ನು ಸಭೆಯಲ್ಲಿ ಇದುವರೆಗೆ ಹೇಳಿಲ್ಲ.

ನನ್ನ ತಂದೆ ಇಲ್ಲೇ ಕೆಲಸಕ್ಕಿದ್ದರು. ನನಗೆ ಹತ್ತು ವರ್ಷವಾಗಿದ್ದಾಗ ಎದೆಯ ಕಾಯಿಲೆಯಿಂದ ಲಿಂಗೈಕ್ಯರಾದರು. ನನ್ನ ಕೆಳಗೆ ತಂಗಿ, ತಮ್ಮ. ಊರಿಗಾಂ ಸುತ್ತ ನಮ್ಮವರ ಮನೆಗಳು ಬೆರಳೆಣಿಕೆ. ಅಮ್ಮ ಎರಡು ಹಸು ಕಟ್ಟಿದರು. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಹಾಲಿನ ಕ್ಯಾನು ಹೊತ್ತು ಲೈನ್ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದರು. ಹಾಲಿನ ಲೆಕ್ಕ ಕೇಳಿದವರಿಗೆ ತಮಿಳಿನಲ್ಲೂ ತೆಲುಗಿನಲ್ಲೂ ಹೇಳುತ್ತಿದ್ದರು. ನನ್ನನ್ನು ಇಂಜಿನಿಯರಿಂಗ್ ಓದಿಸಿದರು, ತಂಗಿಯನ್ನು ಟೀಚರ್ ಮಾಡಿದರು.

ನನಗೆ ಕೆಲಸ ಸಿಕ್ಕಿ ಮೊದಲ ಸಂಬಳ ತಂದು ಅಮ್ಮನ ಕೈಗಿಟ್ಟೆ. ಅವರು ಹಣವನ್ನು ಲಿಂಗದ ಮುಂದಿಟ್ಟು, ಪೆಟ್ಟಿಗೆಯಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟರು. ತಂದೆ ತೀರಿಕೊಂಡಾಗ ಬಂದ ಹಣ ಎಷ್ಟು, ಯಾವ ವರ್ಷ ಯಾವುದಕ್ಕೆ ತೆಗೆದರು, ಯಾರಿಂದ ಸಾಲ ತಂದರು, ಯಾವಾಗ ತೀರಿಸಿದರು, ಎಲ್ಲ ಅದರಲ್ಲಿತ್ತು. ಕೊನೆಯ ಪುಟದಲ್ಲಿ ಉಳಿಕೆ ಬರೆದಿದ್ದರು. ‘ಇದು ನಿಮ್ಮಪ್ಪನ ದುಡ್ಡು ಕಣೋ, ನಾನು ನೋಡಿಕೊಂಡಿದ್ದೆ ಅಷ್ಟೆ. ಸರಿ ಇದೆಯಾ ನೋಡು’ ಎಂದರು. ಆಮೇಲೆ ನೌಕರಿಯಲ್ಲಿ ನಾನು ಎಷ್ಟೋ ಸಲ ಪ್ರಭಾರ ಪಟ್ಟಿಗೆ ಸಹಿ ಹಾಕಿ ಅಧಿಕಾರ ಹಸ್ತಾಂತರ ಮಾಡಿದೆ. ಅಷ್ಟು ಚೊಕ್ಕ ಪಟ್ಟಿ ಇನ್ನೊಂದನ್ನು ನೋಡಲಿಲ್ಲ.

ಕೆಲವು ವರ್ಷದ ಮೇಲೆ ನಾನು ಸ್ವಂತ ಮನೆ ಕಟ್ಟಿಸಿದೆ. ಗೃಹಪ್ರವೇಶದ ದಿನ ನೆಂಟರೆಲ್ಲ ಸೇರಿದ್ದರು. ಕಳಸ ಹಿಡಿದು ಮೊದಲು ಒಳಗೆ ಹೋಗುವವರು ಯಾರು ಎಂಬ ಮಾತು ಬಂತು. ಅಮ್ಮ ಒಂದು ಹೆಜ್ಜೆ ಮುಂದೆ ಬಂದರು. ಬಳಗದ ಹಿರಿಯರೊಬ್ಬರು, ‘ಮುತ್ತೈದೆ ಯಾರಾದರೂ ಹಿಡಿಯಲಿ’ ಎಂದರು. ಜೋರಾಗಿ ಹೇಳಲಿಲ್ಲ, ಕೆಟ್ಟ ಮನಸ್ಸಿನಿಂದಲೂ ಹೇಳಲಿಲ್ಲ. ಅಮ್ಮ ಏನೂ ಮಾತಾಡದೆ ಹಿಂದೆ ಸರಿದು ಅಡುಗೆ ಮಾಡುವವರ ಕಡೆ ಹೋದರು. ಕಳಸವನ್ನು ನನ್ನ ಹೆಂಡತಿಯ ಕಡೆಯವರೊಬ್ಬರು ಹಿಡಿದರು. ನಾನು ಅಲ್ಲೇ ನಿಂತಿದ್ದೆ. ಕೊರಳಲ್ಲಿ ಲಿಂಗ ಇತ್ತು, ಹಣೆಯಲ್ಲಿ ವಿಭೂತಿ ಇತ್ತು, ಗೋಡೆಯ ಮೇಲೆ ಬಸವಣ್ಣನವರ ಪಟವೂ ಇತ್ತು. ಬಾಯಿ ಬರಲಿಲ್ಲ.

ಅಮ್ಮ ಆ ಬಗ್ಗೆ ಎಂದೂ ಒಂದು ಮಾತು ಆಡಲಿಲ್ಲ. ಈಗ ಅವರಿಲ್ಲ. ಆ ಮನೆಯ ಹೊಸ್ತಿಲು ದಾಟುವಾಗ ಇಂದಿಗೂ ನನಗೆ ಆ ಒಂದು ಹೆಜ್ಜೆ ಕಾಣುತ್ತದೆ.

ಶರಣ ಬಂಧುಗಳೆ, ಬಸವಾದಿ ಶರಣರು ಜನನಸೂತಕ, ಪ್ರೇತಸೂತಕ, ರಜಸ್ಸೂತಕ, ಜಾತಿಸೂತಕ, ಉಚ್ಛಿಷ್ಟಸೂತಕ ಎಂಬ ಐದನ್ನೂ ಅಲ್ಲಗಳೆದರು. ಲಿಂಗವಂತರಿಗೆ ಸೂತಕವಿಲ್ಲ. ಹಾಗಿದ್ದ ಮೇಲೆ ವಿಧವೆ ಎಂಬ ಆರನೆಯ ಸೂತಕವನ್ನು ನಮ್ಮ ಮನೆಯೊಳಗೆ ತಂದವರು ಯಾರು? ಗಂಡ ಲಿಂಗೈಕ್ಯನಾದ ಮಾತ್ರಕ್ಕೆ ಹೆಂಡತಿಯ ಕೊರಳಿನ ಲಿಂಗ ಹೋಗುವುದಿಲ್ಲ. ಲಿಂಗ ಇರುವವರೆಗೆ ಆಕೆಗೆ ಅಮಂಗಲ ಎಂಬುದಿಲ್ಲ. ಇಷ್ಟು ಸರಳವಾದದ್ದನ್ನು ಒಪ್ಪಲು ನಮಗೆ ಒಂಬತ್ತು ಶತಮಾನ ಸಾಲಲಿಲ್ಲ.

ಯೋಚಿಸಿ ನೋಡಿ. ಚೆನ್ನಮ್ಮಾಜಿ ಇಂದು ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದರೆ, ಔರಂಗಜೇಬನ ಸೈನ್ಯವನ್ನು ಎದುರಿಸಿದ ಆ ಕೈಗೆ ನಾವು ಕಳಸ ಕೊಡುವುದಿಲ್ಲ. ಪಟಕ್ಕೆ ಹಾರ ಹಾಕುತ್ತೇವೆ, ಆದರೆ ಪಟದಿಂದ ಇಳಿದು ಬಂದರೆ ಅಡುಗೆಮನೆಯ ದಾರಿ ತೋರಿಸುತ್ತೇವೆ.

ಇಂಜಿನಿಯರ್ ಆದವನು ಬರೀ ದೋಷ ಹೇಳಿ ಹೋಗಬಾರದು, ಮಾಡಬೇಕಾದ ಕೆಲಸವನ್ನೂ ಹೇಳಬೇಕು. ಮೂರು ಕೆಲಸ ಹೇಳುತ್ತೇನೆ. ಮೂರೂ ದೊಡ್ಡವೇನಲ್ಲ, ಖರ್ಚಿನವೂ ಅಲ್ಲ.

ಮೊದಲನೆಯದು ಮನೆಯದು. ನಮ್ಮ ಯಾರ ಮನೆಯಲ್ಲಾದರೂ ಗಂಡಸು ಲಿಂಗೈಕ್ಯನಾದರೆ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಬೇಡ. ಮುಂದಿನ ಮದುವೆ, ನಾಮಕರಣ, ಗೃಹಪ್ರವೇಶದಲ್ಲಿ ಆರತಿ ತಟ್ಟೆಯನ್ನು ಮೊದಲು ಆ ತಾಯಿಯ ಕೈಗೆ ಕೊಡಿ. ಯಾರಾದರೂ ಹಿರಿಯರು ಮಾತೆತ್ತಿದರೆ ಮನೆಯ ಮಗ ಅಲ್ಲೇ, ಆಗಲೇ ಬಾಯಿ ಬಿಡಬೇಕು. ನಾಳೆ ಬಿಟ್ಟರೆ ಪ್ರಯೋಜನವಿಲ್ಲ, ನನ್ನನ್ನು ನೋಡಿ ತಿಳಿದುಕೊಳ್ಳಿ.

ಎರಡನೆಯದು ಕಾಗದಪತ್ರದ್ದು. ಮನೆಯ ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವಾಗ ತಾಯಿಯ ಹೆಸರು ಬಿಡಬೇಡಿ. ‘ಅಮ್ಮನಿಗೆ ಯಾಕೆ, ನಾವಿದ್ದೇವಲ್ಲ’ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಗಂಡು ಹೆಣ್ಣು ಮಕ್ಕಳಿಗೂ ಅವನ ತಾಯಿಗೂ ಸಮಪಾಲು ಎಂದು 1956ರ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟಿದೆ. ಮನೆಯನ್ನು ಕಾಯ್ದ ಕೈಗೆ ಮನೆಯ ಹಕ್ಕು ಇರಲಿ.

ಮೂರನೆಯದು ನಮ್ಮ ಸಂಘಗಳದ್ದು. ಪೂಜ್ಯರ ಸಮ್ಮುಖದಲ್ಲೇ ವಿನಯದಿಂದ ಹೇಳುತ್ತೇನೆ. ಸಂಘದಲ್ಲಿ, ಟ್ರಸ್ಟಿನಲ್ಲಿ, ಪ್ರಸಾದ ನಿಲಯದ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ನಾವು ಸ್ವಾಗತಗೀತೆ ಹಾಡುವ, ರಂಗೋಲಿ ಹಾಕುವ ಕೆಲಸ ಕೊಡುತ್ತೇವೆ. ಖಜಾಂಚಿಯ ಕೆಲಸ ಕೊಟ್ಟು ನೋಡೋಣ. ರಾಜ್ಯದ ಬೊಕ್ಕಸವನ್ನೇ ಬೆಟ್ಟಕ್ಕೆ ಹೊತ್ತು ಉಳಿಸಿದ ತಾಯಿಯ ಸಂತತಿ, ನಮ್ಮ ಸಂಘದ ಲೆಕ್ಕ ಇಡಲಾರರೆ? ಅನುಭವ ಮಂಟಪದಲ್ಲಿ ಹೆಣ್ಣಿಗೆ ಹಾಡಲು ಮಾತ್ರ ಕರೆದಿರಲಿಲ್ಲ, ಮಾತಿಗೂ ವಾದಕ್ಕೂ ಕರೆದಿದ್ದರು.

ಮುಂದಿನ ತಿಂಗಳ ಗೋಷ್ಠಿಗೆ ಷಟ್‌ಸ್ಥಲ ಧ್ವಜ ಏರಿಸುವವರು ಯಾರು ಎಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದ್ದಾರೆ. ನಮ್ಮ ನಡುವೆ ಗಂಡನನ್ನು ಕಳೆದುಕೊಂಡು ಮನೆ ನಡೆಸುತ್ತಿರುವ ಒಬ್ಬ ಅಕ್ಕನವರ ಕೈಯಿಂದ ಏರಿಸೋಣ ಎಂಬುದು ನನ್ನ ಉತ್ತರ. ಸಭೆ ಒಪ್ಪಿದರೆ ಹಗ್ಗ ನಾನೇ ಸರಿಮಾಡಿ ಕಟ್ಟುತ್ತೇನೆ, ಅಷ್ಟು ಕೆಲಸ ನನಗೆ ಬರುತ್ತದೆ.

ಗೋಡೆಯ ಪಟದ ಕೆಳಗೆ ಹೆಸರು ಬರೆಸುವ ಜವಾಬ್ದಾರಿಯನ್ನೂ ನಾನೇ ಹೊರುತ್ತೇನೆ. ಕೆಳದಿ ಚೆನ್ನಮ್ಮಾಜಿ, ಆಡಳಿತ 1672 ರಿಂದ 1697 ಎಂದು ಬರೆಸುತ್ತೇನೆ. ಇನ್ನು ಮುಂದೆ ಯಾವ ಹುಡುಗಿಯೂ ಇವರು ಯಾರು ಎಂದು ತಡವರಿಸದಿರಲಿ. ಅವಳ ಮನೆಯಲ್ಲಿ ಅಂಥ ತಾಯಿಯೊಬ್ಬರು ಇದ್ದರೆ, ಅವರನ್ನೂ ಹೆಸರಿಟ್ಟು ಕರೆಯುವ ಧೈರ್ಯ ನಮಗೆ ಬರಲಿ.